ಅಣ್ಣನ ಹೊಲ ಮಾತ್ರ ಹಸಿರು

ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ದರ್ಜಿಯೊಬ್ಬನ ಪಕ್ಕದ ಬೆಂಚಿಗೆ ಅಣ್ಣತಂಗಿ ಬಂದು ಕೂತರು. ಬೆಳೆರೋಗ ಗಾಳಿಯಲ್ಲಿ ಎತ್ತ ಹಬ್ಬುತ್ತದೆಂದು ರೇಡಿಯೋದಲ್ಲಿ ಮುನ್ಸೂಚನೆ ಹೇಳುವವಳೇ ಈ ತಂಗಿ. ದನಿ ಕೇಳಿದೊಡನೆ ದರ್ಜಿಗೆ ಗುರುತು ಹತ್ತಿತು.

“ಈ ವಾರ ಭಯವಿಲ್ಲ ಅಂತ ರೇಡಿಯೋದಲ್ಲಿ ನಾನಂದೆ, ಗಾಳಿ ತಿರುಗಿಬಿಡ್ತು. ಊರಿನ ಆಲೂಗಡ್ಡೆಯೆಲ್ಲ ಕೊಳೀತು, ನಿನ್ನ ಹೊಲ ಒಂದು ಬಿಟ್ಟು.”

“ನಾನು ಔಷಧಿ ಹೊಡೆದಿದ್ದೆ ಕಣಮ್ಮ.”

“ರೋಗ ಬರುತ್ತೆ ಅಂತ ನಾನೇ ನಿನ್ನ ಕಿವಿಯಲ್ಲಿ ಗುಟ್ಟಾಗಿ ಊದಿದೆ ಅಂತಿದ್ದಾರೆ ಊರವರು. ತಲೆ ಎತ್ತಿ ಓಡಾಡೋ ಹಾಗಿಲ್ಲ.”

“ಗೊತ್ತು.”

“ಗೊತ್ತಿದ್ದೂ ಸುಮ್ಮನಿದ್ದೀಯಲ್ಲ! ಯಾಕೆ ಹೊಡೆದೆ ಅಂತ ಅವರಿಗೆ ಹೇಳಬಾರದಾ?”

ಅಣ್ಣ ತನ್ನ ಚಪ್ಪಲಿಯನ್ನೇ ನೋಡುತ್ತ ಕೂತ.

“ನಾನು ನಿನ್ನ ಮಾತು ನಂಬಲಿಲ್ಲ, ಅದಕ್ಕೇ ಹೊಡೆದೆ. ಒಡಹುಟ್ಟಿದವನು ಅದನ್ನ ಊರ ಮುಂದೆ ಹೇಗೆ ಹೇಳಲಿ?”

ತಂಗಿ ಸೆರಗಿನಿಂದ ಮುಖ ಒರೆಸಿಕೊಂಡಳು.

“ಅದನ್ನೇ ಹೇಳಣ್ಣ. ಮೋಸಗಾತಿ ಅನ್ನಿಸಿಕೊಳ್ಳೋದಕ್ಕಿಂತ ದಡ್ಡಿ ಅನ್ನಿಸಿಕೊಳ್ಳೋದೇ ವಾಸಿ.”

ಅವರ ಬಸ್ಸು ಬಂತು. ಇಬ್ಬರೂ ಹತ್ತಿ, ಬೇರೆ ಬೇರೆ ಸೀಟಿನಲ್ಲಿ ಕೂತರು.