ಗಂಟಣ್ಣನ ಲೇಬಲ್ಲು

ಕತೆ ಅನ್ನಬೇಡಿ ಇದನ್ನ. ನಮ್ಮ ದೊಡ್ಡಮ್ಮನ ಮಗಳಿಗೆ ಆಗಿದ್ದು. ಅವಳ ಬಾಯಿಂದಲೇ ಎಷ್ಟೋ ಸಲ ಕೇಳಿದೀನಿ. ಪ್ರತಿ ಸಲವೂ ಅಷ್ಟೇ ಹೇಳ್ತಾಳೆ, ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಮ್ಮಿ ಇಲ್ಲ. ಆ ಫ್ಯಾನ್ ಆರಿಸು... ಸದ್ದು ಬೇಡ.

ಅವತ್ತು ಅಕ್ಕ ಪಾಳಿ ಮುಗಿಸಿ ಹೊರಟಾಗ ಸರಿರಾತ್ರಿ. ಬಸ್ ಸ್ಟಾಪಿಗೆ ಮುಂದಿನ ಗೇಟಿಂದ ಹೋದ್ರೆ ಸುತ್ತು, ಹಿಂದಿನ ಅಂಗಳದಿಂದ ಹತ್ತಿರ. ಆ ಅಂಗಳದಲ್ಲಿ ಒಂದು ಹಳೇ ಬಾವಿ ಇತ್ತು. ಕಟ್ಟಡ ಬರೋಕೆ ಮುಂಚೆ ಅಲ್ಲಿ ಯಾರದೋ ತೋಟವಂತೆ. ತೋಟ ಹೋಯ್ತು, ಬಾವಿ ಉಳೀತು, ಅದರ ಬಾಯಿಗೆ ಕಬ್ಬಿಣದ ಜಾಲರಿ ಬಂತು.

ಬಾವಿ ದಾಟಿದ್ಲು. ಆಗ...

ಜರ್ರ್ರ್... ಟಕ್.

ನಿಂತ್ಲು. ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತು. ವೈರುಗಳನ್ನ ಕಂತೆ ಮಾಡಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗೀತಾರಲ್ಲ, ಆ ಪಟ್ಟಿ ಎಳೆದಾಗ ಜರ್ರ್ರ್ ಅನ್ನುತ್ತೆ. ಉಳಿದ ಬಾಲ ಕತ್ತರಿಸಿದಾಗ ಟಕ್.

"ಯಾರದು?"

ಜೀರುಂಡೆ ಇರಬೇಕು ಅಂದುಕೊಂಡ್ಲು. ಆದರೆ ಜೀರುಂಡೆ ಜರ್ರ್ ಅಂದೀತು... ಟಕ್ ಅನ್ನುತ್ತಾ? ತಿರುಗಿ ನೋಡದೆ ಬಿರಬಿರನೆ ನಡೆದ್ಲು.

ಅಕ್ಕ ಕೆಲಸ ಮಾಡ್ತಿದ್ದಿದ್ದು ಡೇಟಾ ಸೆಂಟರಲ್ಲಿ. ನೀವು ಫೋನಲ್ಲಿ ಕಳಿಸೋ ಫೋಟೋ, ಬ್ಯಾಂಕಿನ ಲೆಕ್ಕ, ಆಸ್ಪತ್ರೆ ರಿಪೋರ್ಟು, ಎಲ್ಲ ಎಲ್ಲೋ ಒಂದು ಕಡೆ ಕೂತಿರಬೇಕಲ್ಲ, ಅಲ್ಲಿ. ಒಂದು ದೊಡ್ಡ ಹಾಲ್, ಸಾಲು ಸಾಲು ಕಪ್ಪು ಕಪಾಟು, ಕಪಾಟಿನ ತುಂಬ ಮೆಷಿನ್ನು. ಕಿಟಕಿ ಅನ್ನೋದೇ ಇಲ್ಲ. ಮೂಳೆ ಕೊರೆಯೋ ಚಳಿ. ಜೊತೆಗೆ ಫ್ಯಾನುಗಳ ಗೊಂ... ಅನ್ನೋ ಸದ್ದು, ಒಂದು ಗಳಿಗೆಯೂ ಬಿಡುವಿಲ್ಲದೆ.

ಪ್ರತಿ ಮೆಷಿನ್ನಿಗೂ ಲೇಬಲ್ ಅಂಟಿಸೋದು ಅವಳ ಕೆಲಸ. ಬರೀ ಚೀಟಿ ಅಲ್ಲ, ಒಳಗೆ ಅಕ್ಕಿಕಾಳಿನಷ್ಟು ಚಿಪ್ ಇರೋ ಲೇಬಲ್ಲು. ಬಾಗಿಲುಗಳ ಮೇಲೆ, ಸಾಲುಗಳ ತುದಿಯಲ್ಲಿ ಆಂಟೆನಾ ಇರುತ್ತೆ. ಯಾವ ಮೆಷಿನ್ನು ಎಲ್ಲಿದೆ, ಎಷ್ಟು ಕಾದಿದೆ, ಯಾರಾದ್ರೂ ಎತ್ತಿಕೊಂಡು ಹೋದ್ರೆ ಯಾವ ಬಾಗಿಲು ದಾಟಿತು, ಎಲ್ಲ ಕಂಟ್ರೋಲ್ ರೂಮಿನ ಪರದೆ ಮೇಲೆ ಹಸಿರು ಚುಕ್ಕಿಯಾಗಿ ಕಾಣುತ್ತೆ. ಕೆಲಸದವರ ಕಾರ್ಡಲ್ಲೂ ಅಂಥದ್ದೇ ಚಿಪ್. ಅವರೂ ಒಂದೊಂದು ಚುಕ್ಕಿ.

ಅಲ್ಲಿ ವೈರು ಎಳೆಯೋಕೆ ಒಬ್ಬ ಇದ್ದ. ಅವನು ಕಟ್ಟಿದ ಕಂತೆ ಅಂದ್ರೆ ಜಡೆ ಹೆಣೆದ ಹಾಗಿರುತ್ತಿತ್ತು, ಅದಕ್ಕೆ ಎಲ್ಲರೂ ಗಂಟಣ್ಣ ಅನ್ನೋರು. ಮಾತು ಕಮ್ಮಿ. ಹೆಚ್ಚು ಮಾತಾಡಿದ್ರೆ ಗಂಟು ಸಡಿಲ ಆಗುತ್ತೆ ಅಂತ ತಮಾಷೆ ಮಾಡೋನು. ಕೈ ಖಾಲಿ ಇದ್ದಾಗ ಲೇಬಲ್ ಅಂಟಿಸೋಕೂ ಅಕ್ಕನಿಗೆ ಸಹಾಯ ಮಾಡ್ತಿದ್ದ.

ಒಂದು ಸಂಜೆ ಗಂಟಣ್ಣ ಕಾಣಿಸಲಿಲ್ಲ. ಮನೆಗೂ ಹೋಗಲಿಲ್ಲ. ಫೋನ್ ಸತ್ತುಹೋಗಿತ್ತು. ಮಾರನೇ ದಿನ ಪರದೆ ನೋಡಿದ್ರೆ ಹೊಸದಾಗಿ ಬಂದು ಲೆಕ್ಕಕ್ಕೆ ಸೇರಿದ್ದ ಒಂದು ಮೆಷಿನ್ನು ಕೂಡ ಕಾಣೆ. ಗಂಟಣ್ಣನ ಕಾರ್ಡೂ ಅದರ ಲೇಬಲ್ಲೂ ಹಿಂಬಾಗಿಲು ದಾಟಿದ ಮೇಲೆ ಯಾವ ಆಂಟೆನಾಗೂ ಸಿಕ್ಕಿಲ್ಲ. ಮ್ಯಾನೇಜರಿಗೆ ಅಷ್ಟೇ ಸಾಕಾಯ್ತು. ಗೇಟಿನ ಮುಂದೆ ಎಲ್ಲರನ್ನೂ ನಿಲ್ಲಿಸಿ, "ಕದ್ದುಕೊಂಡು ಓಡಿಹೋದ" ಅಂದ. ಪೊಲೀಸರಿಗೂ ಅದನ್ನೇ ಹೇಳಿದ.

ಗಂಟಣ್ಣನ ಹೆಂಡತಿ ದಿನಾ ಬಂದು ಗೇಟಿನ ಹತ್ರ ನಿಲ್ಲೋಳು. ಒಂದು ದಿನ ಅಕ್ಕನ ಕೈ ಹಿಡಿದುಕೊಂಡ್ಲು.

"ಅವರು ಎಲ್ಲಿಗಾದ್ರೂ ಹೋಗಿರಲಿ, ಇನ್ನೊಬ್ಬಳನ್ನ ಕಟ್ಟಿಕೊಂಡಿರಲಿ, ಸಹಿಸ್ತೀನಿ. ಕಳ್ಳ ಅನ್ನೋದನ್ನ ಮಾತ್ರ ಸಹಿಸೋಕಾಗಲ್ಲಮ್ಮ. ನನ್ನ ಮಗಳ ಪಕ್ಕದಲ್ಲಿ ಕ್ಲಾಸಲ್ಲಿ ಯಾರೂ ಕೂರ್ತಿಲ್ಲ."

ಅಕ್ಕ ಅವಳನ್ನ ಬಸ್ ಸ್ಟಾಪಿನ ತನಕ ಬಿಟ್ಟು ಬಂದ್ಲು.

ಬಾವಿ ಹತ್ರ ಆ ಸದ್ದು ಕೇಳಿದ್ದು ಇದೆಲ್ಲ ಆಗಿ ಕೆಲವು ವಾರದ ಮೇಲೆ. ಅದಾದ ಮೇಲೆ ಅವಳಿಗೆ ರಾತ್ರಿ ಪಾಳಿ ಬಂತು. ಜೊತೆಗೆ ಪರದೆ ಮುಂದೆ ಕೂರೋನು ಕೆಮ್ಮಣ್ಣ. ಮಾತಿಗೆ ಮುಂಚೆ ಎರಡು ಸಲ ಕೆಮ್ಮದಿದ್ರೆ ಅವನಿಗೆ ಮಾತೇ ಹೊರಡಲ್ಲ, ಅದಕ್ಕೆ ಆ ಹೆಸರು. ಅವತ್ತು ರಾತ್ರಿ ಅವನು ಕೆಮ್ಮಲಿಲ್ಲ.

"ತಂಗಿ... ಬಾ ಇಲ್ಲಿ."

ಪರದೆ ಮೇಲೆ ಮೆಷಿನ್ ಹಾಲ್ ನಕ್ಷೆ. ನೂರಾರು ಚುಕ್ಕಿ, ಎಲ್ಲ ನಿಂತಲ್ಲೇ ನಿಂತಿವೆ. ಒಂದೇ ಒಂದು... ನಡೀತಿದೆ. ಒಂದು ಕಪಾಟಿನ ಹತ್ರ ಹೋಗುತ್ತೆ, ನಿಲ್ಲುತ್ತೆ. ಮುಂದಿನದಕ್ಕೆ ಹೋಗುತ್ತೆ, ನಿಲ್ಲುತ್ತೆ.

ಅಕ್ಕ ನಂಬರ್ ನೋಡಿದ್ಲು. ಕಳೆದುಹೋದ ಮೆಷಿನ್ನಿನ ಲೇಬಲ್ಲು.

"ಕಳ್ಳ ಒಳಗೇ ಇದ್ದಾನೆ," ಅಂದ ಕೆಮ್ಮಣ್ಣ.

"ಕ್ಯಾಮೆರಾ ಹಾಕಿ ಅಣ್ಣಾ."

ಹಾಕಿದ. ಖಾಲಿ ಸಾಲು. ಬಿಳೀ ಬೆಳಕು. ಚುಕ್ಕಿ ಎಲ್ಲಿದೆಯೋ ಅಲ್ಲಿ ಯಾರೂ ಇಲ್ಲ.

"ಎಷ್ಟು ಬಿಸಿ ತೋರಿಸ್ತಿದೆ?"

ಕೆಮ್ಮಣ್ಣ ಪರದೆಗೆ ಮೂಗು ತಗಲೋ ಹಾಗೆ ಬಗ್ಗಿದ. "ಬಿಸಿ ಎಲ್ಲಿಂದ ಬಂತು ತಂಗಿ... ಒಳಗಿನ ಚಳಿಗಿಂತ ತಣ್ಣಗಿದೆ."

ಒಳಗೆ ಹೋಗಬೇಡ ಅಂತ ಅವನು ಎಷ್ಟೋ ಹೇಳಿದ. ಅಕ್ಕನ ಕಣ್ಣ ಮುಂದೆ ಗೇಟಿನ ಹತ್ರ ನಿಂತ ಆ ಹೆಂಗಸಿನ ಮುಖ ಇತ್ತಂತೆ. ಕಳ್ಳನೇ ಇದ್ರೆ ಕೈಗೆ ಸಿಗಲಿ, ಬೇರೇನಾದ್ರೂ ಇದ್ರೆ ಅದೂ ಗೊತ್ತಾಗಲಿ ಅಂತ ಕಾರ್ಡ್ ತೋರಿಸಿ ಬಾಗಿಲು ತೆಗೆದ್ಲು. ಕಿವಿಗೆ ಫೋನು.

ಗೊಂ...

"ಎಲ್ಲಿದೆ ಅಣ್ಣಾ?"

"ಮೂರನೇ ಸಾಲಿನ ತುದಿ. ನಿಂತಿದೆ."

"ಇಲ್ಲಿಂದ ಯಾರೂ ಕಾಣ್ತಿಲ್ಲ."

"ಇದೆ ತಂಗಿ. ನಾನು ನೋಡ್ತಿದೀನಿ."

ಅಲ್ಲಿನ ನೆಲ ಪೊಳ್ಳು. ಕೆಳಗೆ ಗಾಳಿ ಹೋಗೋಕೆ ಜಾಗ ಬಿಟ್ಟು, ಮೇಲೆ ಚೌಕ ಚೌಕ ಹಲಗೆ ಕೂರಿಸಿರ್ತಾರೆ. ಕಾಲಿಟ್ರೆ ದಬ್ ಅನ್ನುತ್ತೆ. ಅಕ್ಕ ನಿಂತೇ ಇದ್ಲು, ಕಾಲು ಎತ್ತಿರಲಿಲ್ಲ.

ದಬ್...

"ತಂಗಿ. ಬರ್ತಿದೆ."

"ಎಲ್ಲಿಗೆ?"

"ನಿನ್ನ ಸಾಲಿಗೆ."

ದಬ್... ದಬ್...

ಅವಳ ಕಣ್ಣೆದುರಿಗೇ ಒಂದು ಹಲಗೆಯ ಮೂಲೆ ಕೊಂಚ ತಗ್ಗಿತು. ಮತ್ತೆ ಮೇಲೆ ಬಂತು. ಆಮೇಲೆ ಅದರ ಈಚೆ ಹಲಗೆ. ಫೋನಲ್ಲಿ ಕೆಮ್ಮಣ್ಣನ ಉಸಿರು ಮಾತ್ರ.

"ತಂಗಿ... ನಿನ್ನ ಚುಕ್ಕಿ, ಅದರ ಚುಕ್ಕಿ... ಒಂದೇ ಆಗಿವೆ."

ಕತ್ತಿನ ಹಿಂದೆ ಬಾವಿಯೊಳಗಿನ ಗಾಳಿ ತಾಗಿದ ಹಾಗಾಯ್ತು ಅಂತಾಳೆ. ಮೆಲ್ಲಗೆ ಕೇಳಿದ್ಲು.

"ಗಂಟಣ್ಣಾ... ನೀವಾ?"

ಎಡಗಿವಿ ಪಕ್ಕದಲ್ಲೇ...

ಜರ್ರ್ರ್... ಟಕ್.

ಆಮೇಲೆ ಹಲಗೆಗಳು ಮತ್ತೆ ದಬ್ ದಬ್ ಅಂದವು, ಈ ಸಲ ದೂರಕ್ಕೆ. "ಹಿಂಬಾಗಿಲ ಕಡೆ ಹೋಗ್ತಿದೆ," ಅಂದ ಕೆಮ್ಮಣ್ಣ. ಅವನು ಹೇಳಿ ಮುಗಿಸೋ ಮುಂಚೆಯೇ ಹಿಂಬಾಗಿಲ ಬೀಗ ಕ್ಲಿಕ್ ಅಂತು. ಕೆಂಪು ದೀಪ ಹಸಿರಾಯ್ತು. ಬಾಗಿಲು ತಾನಾಗಿ ಒಂದು ಗೇಣು ತೆರೀತು.

"ಯಾರ ಕಾರ್ಡ್ ಅಣ್ಣಾ ಅದು?"

"ಯಾರದ್ದೂ ತೋರಿಸ್ತಿಲ್ಲ... ವಾಪಸ್ ಬಾ ತಂಗಿ, ನಿನ್ನ ಕಾಲಿಗೆ ಬೀಳ್ತೀನಿ."

ಅಕ್ಕ ಹೋದ್ಲು. ಯಾಕೆ ಹೋದೆ ಅಂತ ನಾನು ಕೇಳಿದ್ರೆ, ಮುಂದೆ ಹೋಗೋನು ಹಿಂದೆ ತಿರುಗಿ ಕಾಯ್ತಿದ್ದಾನೆ ಅನ್ನಿಸಿತು, ಬರಲ್ಲ ಅನ್ನೋಕೆ ಬಾಯಿ ಬರಲಿಲ್ಲ ಅಂತಾಳೆ.

ಹೊರಗೆ ಕತ್ತಲೆ. ಕೊನೇ ಆಂಟೆನಾ ಬಾಗಿಲ ಮೇಲೇ ಇದ್ದಿದ್ದು, ಅದರಾಚೆ ಪರದೆಗೆ ಏನೂ ಕಾಣಲ್ಲ. "ಹೋಯ್ತು ತಂಗಿ," ಅಂದ ಕೆಮ್ಮಣ್ಣ. ಅಕ್ಕ ಬಾವಿಯ ಹತ್ರ ಬಂದ್ಲು. ಜಾಲರಿಗೆ ಕಿವಿ ಇಟ್ಲು. ಏನೂ ಇಲ್ಲ. ಎದ್ದು ಎರಡು ಹೆಜ್ಜೆ ಇಟ್ಟಿದ್ಲು ಅಷ್ಟೇ... ಕಾಲಡಿಯಿಂದ ಬಂತು.

ಜರ್ರ್ರ್... ಟಕ್.

ಬಾವಿಯಿಂದಲ್ಲ. ಬಾವಿ ಪಕ್ಕದ ನೆಲದಿಂದ. ಅಲ್ಲಿ ಹೊಸದಾಗಿ ಇಟ್ಟಿಗೆ ಹಾಸಿದ್ರು.

ಆಗ ನೆನಪಾಯ್ತು ಅವಳಿಗೆ. ಅದರಡಿ ಕೇಬಲ್ ಗುಂಡಿ ಇದೆ. ಕಟ್ಟಡದಿಂದ ರಸ್ತೆಗೆ ನೆಲದಡಿ ವೈರು ಹೋಗೋ ದಾರಿ, ಆಳೆತ್ತರದ ಗುಂಡಿ, ಮೇಲೆ ಕಲ್ಲು ಚಪ್ಪಡಿ.

ಮ್ಯಾನೇಜರಿಗೆ ಫೋನ್ ಮಾಡಿದ್ಲು. ಅವನು ನಿದ್ದೆಗಣ್ಣಲ್ಲಿ, "ಇಲಿ ಇರಬೇಕು ಕಣಮ್ಮ, ಬೆಳಗ್ಗೆ ನೋಡೋಣ," ಅಂದ. ಅಲ್ಲಿ ವಾಸನೆ ಬಂದಾಗಲೂ ಇಲಿ ಅಂತಲೇ ಬಾವಿಗೆ ಔಷಧಿ ಸುರಿಸಿದ್ದ. ಅಕ್ಕ ಫೋನ್ ಇಟ್ಟು ನೇರ ಫೈರ್ ಬ್ರಿಗೇಡಿಗೆ ಮಾಡಿದ್ಲು. ದೆವ್ವ ಅನ್ನಲಿಲ್ಲ. "ಗುಂಡಿ ಒಳಗೆ ಮನುಷ್ಯ ಇದ್ದಾನೆ, ಬೇಗ ಬನ್ನಿ," ಅಂದ್ಲು.

ಬಂದ್ರು. ಇಟ್ಟಿಗೆ ಕಿತ್ತರು. ಚಪ್ಪಡಿ ಸರಿಸಿದ್ರು, ಗರ್ರ್... ಅಂತ. ಟಾರ್ಚ್ ಬಿಟ್ಟವನು ಒಂದು ಕ್ಷಣ ನೋಡಿ ಮುಖ ಈಚೆ ತಿರುಗಿಸಿಕೊಂಡ.

ಗಂಟಣ್ಣನೇ. ಅವತ್ತು ಸಂಜೆ ವೈರು ನೋಡೋಕೆ ಒಬ್ಬನೇ ಇಳಿದಿದ್ದಾನೆ. ಒಳಗೆ ಕೆಟ್ಟ ಗಾಳಿ ಇತ್ತು, ಅಲ್ಲೇ ಕುಸಿದಿದ್ದಾನೆ. ಇಟ್ಟಿಗೆ ಹಾಸೋರು ಬಂದು, ಒಳಗೆ ಬಗ್ಗಿ ನೋಡದೆ, ಚಪ್ಪಡಿ ಎಳೆದು ಮುಚ್ಚಿಬಿಟ್ಟಿದ್ದಾರೆ. ಅಂಗಿ ಜೇಬಿನ ಮೇಲೆ ಒಂದು ಲೇಬಲ್ ಅಂಟಿತ್ತು. ಆಮೇಲೆ ಮೆಷಿನ್ನಿಗೆ ಅಂಟಿಸೋಣ, ಕಳೆದುಹೋಗದಿರಲಿ ಅಂತ ಅಲ್ಲಿ ಅಂಟಿಸಿಕೊಂಡಿದ್ದ, ಪಾಪ. ಆ ಲೇಬಲ್ಲು ಆಂಟೆನಾಗೆ ನಾಲ್ಕು ಮಾರು ದೂರದಿಂದ ಸಿಕ್ಕಿದ್ರೆ ಹೆಚ್ಚು, ಕಲ್ಲಿನಡಿಯಿಂದಂತೂ ಸಾಧ್ಯವೇ ಇಲ್ಲ ಅಂತ ಆಮೇಲೆ ಬಂದ ಇಂಜಿನಿಯರ್ ಹೇಳಿದ.

ಬೆಳಗಾಗೋ ಹೊತ್ತಿಗೆ ಹೆಂಡತಿ ಬಂದ್ಲು. ಅತ್ತು ಅತ್ತು ಸಾಕಾದ ಮೇಲೆ ಎದ್ದು ಮ್ಯಾನೇಜರಿನ ಎದುರಿಗೆ ನಿಂತ್ಲು.

"ಕಳ್ಳ ಅಂತ ಎಲ್ಲರ ಮುಂದೆ ಹೇಳಿದ್ರಿ. ಅಲ್ಲ ಅಂತಾನೂ ಎಲ್ಲರ ಮುಂದೆ ಹೇಳಿ."

ಅವನು ತಲೆ ತಗ್ಗಿಸಿದ. "ಆದರೆ ಮೆಷಿನ್ನು ಇನ್ನೂ ಸಿಕ್ಕಿಲ್ಲವಲ್ಲಮ್ಮ..." ಅಂತ ಗೊಣಗಿದ.

ಅಕ್ಕನಿಗೆ ಮೈಯೆಲ್ಲ ಉರಿದುಹೋಯ್ತು. "ಹುಡುಕಿದ್ರಾ ಸಾರ್ ನೀವು? ಪರದೆ ನೋಡಿದ್ರಿ, ಅಷ್ಟೇ ತಾನೆ?" ಅಂದವಳೇ ಸ್ಟೋರ್ ರೂಮಿಗೆ ನುಗ್ಗಿದ್ಲು. ಮ್ಯಾನೇಜರ್ ಹಿಂದೆ, ಕೆಮ್ಮಣ್ಣ ಅವನ ಹಿಂದೆ. ಸ್ಕ್ಯಾನರ್ ಮುಟ್ಟಲಿಲ್ಲ. ಒಂದೊಂದೇ ಪೆಟ್ಟಿಗೆ ಎಳೆದು ಕಣ್ಣಲ್ಲೇ ನಂಬರ್ ಓದ್ತಾ ಹೋದ್ಲು. ಗೋಡೆಗೊತ್ತಿದ ಅಟ್ಟಿಯ ತಳದಲ್ಲಿತ್ತು. ಕಂಪನಿಯಿಂದ ಬಂದ ಹಾಗೇ ಇದೆ, ಟೇಪ್ ಕೂಡ ಬಿಚ್ಚಿಲ್ಲ. ಲೇಬಲ್ ಅಂಟದ ಮೆಷಿನ್ನು ಪರದೆಯ ಪಾಲಿಗೆ ಇಲ್ಲವೇ ಇಲ್ಲ.

ಮ್ಯಾನೇಜರ್ ಗೇಟಿನ ಹತ್ರ ನಿಂತು ಎಲ್ಲರೆದುರಿಗೆ ತಪ್ಪಾಯ್ತು ಅಂದ, ಗಟ್ಟಿಯಾಗೇ ಅಂದ. ಆ ಮಗುವಿನ ಶಾಲೆಗೂ ಹೋಗಿ ಹೇಳಿ ಬಂದ. ಅದೆಲ್ಲ ಆಮೇಲೆ. ಸ್ಟೋರ್ ರೂಮಲ್ಲಿ ಆಗಿದ್ದನ್ನ ಹೇಳಿ ಮುಗಿಸ್ತೀನಿ.

ಅಕ್ಕ ಟೇಪ್ ಕುಯ್ದು ಪೆಟ್ಟಿಗೆ ತೆರೆದ್ಲು. ಮೇಲಿನ ಥರ್ಮೋಕೋಲ್ ಎತ್ತಿದ್ಲು. ಮೆಷಿನ್ನನ್ನ ಹೊರಗೆ ಎತ್ತಬೇಕು ಅಂತ ಎರಡೂ ಕೈ ಹಾಕಿದವಳು... ಹಾಗೇ ನಿಂತುಬಿಟ್ಲು. ಏನಾಯ್ತು ಅಂತ ಮ್ಯಾನೇಜರ್ ತಾನೂ ಅಂಗೈ ಇಟ್ಟ. ತಟ್ಟನೆ ಹಿಂದಕ್ಕೆ ಎಳೆದುಕೊಂಡ. ಕೆಮ್ಮಣ್ಣನೂ ಮುಟ್ಟಿ ನೋಡಿದ. ಮೂರು ಜನ ಮುಟ್ಟಿದ್ದಾರೆ, ಮೂರೂ ಜನ ಬದುಕಿದ್ದಾರೆ, ಯಾರನ್ನ ಬೇಕಾದ್ರೂ ಕೇಳಿ, ಇದೇ ಹೇಳ್ತಾರೆ. ಒಂದು ದಿನವೂ ಕರೆಂಟು ಕಾಣದ ಮೆಷಿನ್ನು ಅದು...

ಬದುಕಿರೋರ ಮೈ ಹಾಗೆ ಬೆಚ್ಚಗಿತ್ತು.