ಹಾಸಿಗೆಯ ಎಡಮಗ್ಗುಲು

ಅಧ್ಯಕ್ಷರ ಕುರ್ಚಿಯಲ್ಲಿರುವ, ನನ್ನ ಹೊಟ್ಟೆಯೊಳಗನ್ನು ನನಗಿಂತ ಚೆನ್ನಾಗಿ ಬಲ್ಲ ಡಾಕ್ಟರೇ, ಮುಖ್ಯ ಅತಿಥಿಗಳೇ, ನಮಗೆಲ್ಲ ಚೀಲ ಅಂಟಿಸಿಕೊಳ್ಳುವುದನ್ನು ಕಲಿಸಿದ ನರ್ಸಮ್ಮನವರೇ, ಮೂತ್ರಕೋಶ ಕಳೆದುಕೊಂಡೂ ನಗು ಕಳೆದುಕೊಳ್ಳದ ನಮ್ಮ ಬಳಗದ ಅಣ್ಣಂದಿರೇ, ಅಕ್ಕಂದಿರೇ, ನಮ್ಮನ್ನು ಸಹಿಸಿಕೊಂಡಿರುವ ಮನೆಯವರೇ, ಸಭಿಕರೇ,

ಈ ವಾರ್ಷಿಕೋತ್ಸವದಲ್ಲಿ ನನಗೇಕೆ ಸನ್ಮಾನ? ಆಪರೇಷನ್ ಮಾಡಿದವರು ಡಾಕ್ಟರು. ಆರೈಕೆ ಮಾಡಿದವರು ನರ್ಸಮ್ಮ. ನಾನು ಮಾಡಿದ್ದು ನಿದ್ದೆ ಮಾತ್ರ. ನಿದ್ದೆ ಮಾಡಿದವನಿಗೆ ಫಲಕ ಕೊಟ್ಟ ಬಳಗ ಇದೊಂದೇ ಇರಬೇಕು! ಆದರೂ ನಿದ್ದೆಯ ವಿಷಯದಲ್ಲಿ ಮಾತಾಡುವ ಅಧಿಕಾರ ನನಗೆ ಸ್ವಲ್ಪ ಇದೆ, ಯಾಕೆಂದರೆ ನಾನು ಹಾಸಿಗೆ ಮಾಡುವವನು. ಹತ್ತಿ ಹಿಂಜಿ, ತುಂಬಿ, ದಬ್ಬಣದಲ್ಲಿ ಹೊಲಿಯುವವನು. ಈ ಸಭೆಯಲ್ಲಿ ಎಷ್ಟೋ ಜನ ನಾನು ಮಾಡಿದ ಹಾಸಿಗೆಯ ಮೇಲೆ ಕನಸು ಕಂಡಿದ್ದೀರಿ.

ಕಾರ್ಯದರ್ಶಿಗಳು ಬಾಗಿಲಲ್ಲೇ ಹಿಡಿದು ಹೇಳಿದರು: "ಮುಂದಿನ ಸಾಲಲ್ಲಿ ಕೂತಿರೋರಿಗೆ ಇನ್ನೂ ಆಪರೇಷನ್ ಆಗಬೇಕು. ಹೆದರಿದ್ದಾರೆ. ಎಲ್ಲ ಮೊದಲಿನ ಹಾಗೇ ಆಗುತ್ತೆ ಅಂತ ಧೈರ್ಯ ಹೇಳಿಬಿಡಿ." ಹೇಳುತ್ತೇನೆ. ಅದಕ್ಕೇ ಬಂದಿದ್ದೇನೆ.

ನನಗೆ ನೋವಿರಲಿಲ್ಲ. ಒಂದು ಬೆಳಿಗ್ಗೆ ಮೂತ್ರ ಕೆಂಪಗೆ ಹೋಯಿತು, ಅಷ್ಟೇ. ಗಡ್ಡೆ ಕೋಶದ ಗೋಡೆಯೊಳಕ್ಕೆ ಇಳಿದಿದೆ, ಕೋಶವನ್ನೇ ತೆಗೆಯಬೇಕು, ರೋಬೋಟ್ ಮೂಲಕ ಮಾಡೋಣ ಎಂದರು ಡಾಕ್ಟರು. "ಅವತ್ತು ನೀವು ರಜಾನಾ ಸಾರ್?" ಎಂದು ಕೇಳಿದೆ. ನಕ್ಕರು. "ನಾನೇ ಮಾಡೋದು ಕಣ್ರೀ. ಅದು ನನ್ನ ಕೈ ನಡೆಸಿದ ಹಾಗೆ ನಡೆಯುತ್ತೆ" ಎಂದರು. ಆಪರೇಷನ್ ದಿನ ನೋಡಿದರೆ ನಿಜವೇ. ಡಾಕ್ಟರು ಕೋಣೆಯ ಮೂಲೆಯಲ್ಲಿ ಕೂತಿದ್ದರು, ಕಾಲ ಕೆಳಗೆ ಪೆಡಲು, ಹೊಲಿಗೆ ಯಂತ್ರದ ಮುಂದೆ ಕೂತ ಹಾಗೆ. ನನ್ನ ತಲೆಯ ಮೇಲೆ ಪ್ಲಾಸ್ಟಿಕ್ ಸುತ್ತಿದ ರೋಬೋಟಿನ ನಾಲ್ಕು ಉದ್ದನೆಯ ಕೈಗಳು. ಹೊಲಿಯುವವರ ಕೈಗೆ ಬಿದ್ದಿದ್ದೇನೆ, ಭಯವಿಲ್ಲ ಅನ್ನಿಸಿತು.

ಆಮೇಲೆ ನಿದ್ದೆ. ಆ ನಿದ್ದೆಯನ್ನು ಹೇಗೆ ಹೇಳಲಿ? ನಾನು ನಮ್ಮ ಹಿಂಜುವ ಕೋಣೆಯಲ್ಲಿದ್ದೆ. ಕಿಟಕಿಯಿಂದ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಹತ್ತಿಯ ಎಳೆಗಳು ಮೇಲೇಳುತ್ತಲೇ ಇದ್ದವು, ಒಂದೂ ಕೆಳಗೆ ಇಳಿಯಲಿಲ್ಲ. ಆ ನಾಲ್ಕು ಕೈಗಳು ಅವಸರವಿಲ್ಲದೆ ಒಂದೊಂದೇ ಎಳೆ ಹಿಡಿದು ಪಕ್ಕಕ್ಕಿಡುತ್ತಿದ್ದವು. ನನಗೂ ತೂಕವಿರಲಿಲ್ಲ. ಯಾರೋ ನನ್ನನ್ನು ಬಿಚ್ಚಿ, ಕೆಟ್ಟ ಹತ್ತಿ ತೆಗೆದು, ಮತ್ತೆ ಹೊಲಿಯುತ್ತಿದ್ದರು. ನನಗದು ಸರಿಯಾಗಿಯೇ ಕಂಡಿತು. ಎಚ್ಚರವಾದಾಗ ಹೊಟ್ಟೆಯ ಮೇಲೆ ಕೆಲವು ಸಣ್ಣ ಪಟ್ಟಿಗಳು, ಹೊಕ್ಕುಳಿನ ಬಲಕ್ಕೆ ಒಂದು ಹೊಸ ಬಾಯಿ. ಸಣ್ಣ ಕರುಳಿನ ಒಂದು ತುಂಡಿನಿಂದ ಮಾಡಿದ ದಾರಿಯಂತೆ ಅದು. ಅದರ ಮೇಲೆ ಅಂಟಿಸಿದ ಚೀಲ. ಮೂತ್ರ ಈಗ ನನ್ನನ್ನು ಕೇಳದೆ ಅದರೊಳಕ್ಕೆ ಹನಿಯುತ್ತದೆ.

ಮುಂದಿನ ಸಾಲಿನವರೇ, ಇದರಲ್ಲಿ ಸುಖವೂ ಇದೆ. ದೂರದ ಬಸ್ಸಿನಲ್ಲಿ ಉಳಿದವರೆಲ್ಲ ಚಡಪಡಿಸುತ್ತ ಡ್ರೈವರನ ಬೆನ್ನನ್ನೇ ನೋಡುತ್ತಿರುವಾಗ ನಾನು ರಾಜನ ಹಾಗೆ ಕಿಟಕಿಯ ಹೊರಗೆ ನೋಡುತ್ತ ಕೂತಿರುತ್ತೇನೆ. ಕಳೆದುಕೊಂಡದ್ದೆಂದರೆ ಒಂದು ಕನಸು. ನಿಮಗೆಲ್ಲ ಬಿದ್ದಿರುತ್ತದೆ, ನಾಚಬೇಡಿ. ಗೊತ್ತಿಲ್ಲದ ದೊಡ್ಡ ಕಟ್ಟಡದಲ್ಲಿ ಶೌಚಾಲಯ ಹುಡುಕುತ್ತ ಅಲೆಯುವ ಕನಸು. ಬಾಗಿಲು ತೆರೆದರೆ ತರಗತಿ, ಇನ್ನೊಂದು ತೆರೆದರೆ ಮದುವೆ ಊಟ. ಹುಟ್ಟಿದಾಗಿನಿಂದ ನನ್ನ ಜೊತೆಗಿದ್ದ ಆ ಕಟ್ಟಡ ಈಗ ಬರುವುದೇ ಇಲ್ಲ. ಒಮ್ಮೊಮ್ಮೆ ಅದರ ಮೆಟ್ಟಿಲುಗಳು ನೆನಪಾಗಿ ಬೇಜಾರಾಗುತ್ತದೆ.

ಉಳಿದಂತೆ ಎಲ್ಲ ಮೊದಲಿನ ಹಾಗೇ. ಅಂಗಡಿಗೆ ಹೋಗುತ್ತೇನೆ, ಮೊದಲಿನ ಹಾಗೇ. ಊಟ ಮಾಡುತ್ತೇನೆ, ಮೊದಲಿನ ಹಾಗೇ. ಜಗಳ ಆಡುತ್ತೇನೆ, ಮೊದಲಿನ ಹಾಗೇ. ಮಲಗುವುದೊಂದನ್ನು ಬಿಟ್ಟರೆ.

ಇದನ್ನು ಹೇಳಬೇಕೆಂದಿರಲಿಲ್ಲ. ಬಾಯಿಗೆ ಬಂದುಬಿಟ್ಟಿತು. ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ. ಇರಲಿ, ನೋಡಲಿ.

ಹಾಸಿಗೆಯಲ್ಲಿ ನನ್ನದು ಎಡಮಗ್ಗುಲು, ನಮ್ಮಾಕೆಯದು ಬಲಮಗ್ಗುಲು. ಮದುವೆಗೆಂದು ನಾನೇ ಮಾಡಿದ ಹಾಸಿಗೆ ಅದು. ಚೀಲ ಇರುವುದು ನನ್ನ ಹೊಟ್ಟೆಯ ಬಲಕ್ಕೆ. ಅಂದರೆ ಚೀಲವೂ ಅವಳೂ ಅಕ್ಕಪಕ್ಕದವರು. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಒಂದು ರಾತ್ರಿ ಅಂಟು ಬಿಟ್ಟಿತು. ಎಲ್ಲ ಒದ್ದೆ. ಅವಳು ಎದ್ದಳು. "ಏನೂ ಆಗಿಲ್ಲ, ಏಳಿ" ಎಂದಳು. ದುಪ್ಪಟಿ ಬದಲಾಯಿಸಿದಳು. ಆದರೆ ಹತ್ತಿ ನೀರು ಕುಡಿದರೆ ಏನಾಗುತ್ತದೆಂದು ನನಗೆ ಗೊತ್ತಲ್ಲ! ಎಷ್ಟು ಬಿಸಿಲಿಗೆ ಹಾಕಿದರೂ ಕಲೆ ಹೋಗಲಿಲ್ಲ. ಡಾಕ್ಟರು ಇನ್ನೂ ಒಂದು ಮಾತು ಹೇಳಿದ್ದರು, ಗಂಡಸಾಗಿ ಕೆಲವು ವಿಷಯ ಇನ್ನು ಮೊದಲಿನಂತಿರಲಿಕ್ಕಿಲ್ಲ ಎಂದು. ಅದನ್ನು ಸಭೆಯಲ್ಲಿ ಬಿಡಿಸಿ ಹೇಳುವುದಿಲ್ಲ. ಅದೂ ಮನಸ್ಸಿನಲ್ಲಿತ್ತು. ಮಡಚುವ ಮಂಚವನ್ನು ಮುಂದಿನ ಕೋಣೆಯಲ್ಲಿ ಹಾಕಿಕೊಂಡೆ.

"ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ" ಎಂದೆ.

"ಹಾಗಾದ್ರೆ ಅಲ್ಲೇ ಮಲಗಿ" ಎಂದಳು.

ಇಷ್ಟೇ ಮಾತು. ಅವಳ ಜೀವಕ್ಕೆ ಹಾಯೆನಿಸಿತು ಎಂದುಕೊಂಡೆ. ಯಾರಿಗೆ ತಾನೇ ಅನ್ನಿಸುವುದಿಲ್ಲ? ಒಂದೇ ಮನೆ, ಒಂದೇ ಊಟ, ನಡುವೆ ಒಂದು ಗೋಡೆ. ಆ ಗೋಡೆಗೆ ಒಗ್ಗಿಕೊಂಡೆ ಎಂದು ನಿಮ್ಮೆದುರು ಸುಳ್ಳು ಹೇಳಲಾರೆ. ಒಗ್ಗಲಿಲ್ಲ.

ಕಳೆದ ವಾರ ಆ ಹಾಸಿಗೆಯನ್ನು ಹಿಂಜಲೆಂದು ಅಂಗಡಿಗೆ ಹೊರಿಸಿಕೊಂಡು ಹೋದೆ. ಹಳೆಯ ಹಾಸಿಗೆಯನ್ನು ಅಂಗೈಯಿಂದ ಒತ್ತುತ್ತ ಹೋದರೆ ಯಾರು ಯಾವ ಮಗ್ಗುಲಿಗೆ, ಯಾರು ಯಾರಿಗೆ ಬೆನ್ನು ಹಾಕಿ ಮಲಗುತ್ತಾರೆ ಎಲ್ಲ ನಮಗೆ ತಿಳಿಯುತ್ತದೆ. ಯಾರಿಗೂ ಹೇಳುವುದಿಲ್ಲ, ಅದು ಕಸುಬಿನ ಮರ್ಯಾದೆ. ನನ್ನ ಜಾಗ ಖಾಲಿ ಬಿದ್ದಿತ್ತಲ್ಲ, ಹತ್ತಿ ಸ್ವಲ್ಪ ಉಬ್ಬಿಕೊಂಡಿರಬೇಕು ಎಂದು ಕೈಯಿಟ್ಟೆ. ಉಬ್ಬಿರಲಿಲ್ಲ. ನನ್ನ ಅಗಲವಾದ ತಗ್ಗಿನೊಳಗೆ ಇನ್ನೊಂದು ತಗ್ಗಿತ್ತು. ಸಣ್ಣದು, ಹೊಸದು. ಮೊಣಕಾಲು ಮಡಚಿ ಮಲಗಿದ ಮೈಯಷ್ಟು. ಬಲಮಗ್ಗುಲು ಮುಟ್ಟಿ ನೋಡಿದೆ. ಅಲ್ಲಿ ಬಹಳ ದಿನದಿಂದ ಯಾರೂ ಮಲಗಿರಲಿಲ್ಲ.

ಅವಳು ಇಷ್ಟು ದಿನ ಆ ಕಲೆಯ ಮೇಲೆ ಮಲಗಿದ್ದಳು. ನನ್ನ ಜಾಗದಲ್ಲಿ.

ಕೆಲಸದವರು ಊಟಕ್ಕೆ ಹೋಗಿದ್ದು ಒಳ್ಳೆಯದಾಯಿತು. ನಾನು ಅತ್ತೆ, ಸಭಿಕರೇ. ಹಿಂಜಲಿಲ್ಲ. ಹೇಗಿತ್ತೋ ಹಾಗೇ ಮನೆಗೆ ತಂದು ಹಾಸಿದೆ. "ಹಿಂಜಲಿಲ್ವಾ?" ಎಂದಳು. "ಹತ್ತಿ ಇನ್ನೂ ಚೆನ್ನಾಗಿದೆ" ಎಂದೆ. ಅವತ್ತೂ ಹೋಗಿ ಅದೇ ಮಂಚದ ಮೇಲೆ ಬಿದ್ದುಕೊಂಡೆ. ಸಭೆಯಲ್ಲಿ ಇಷ್ಟು ಮಾತಾಡುವವನಿಗೆ ಮನೆಯಲ್ಲಿ ಒಂದು ಮಾತು ಬರಲಿಲ್ಲ, ನೋಡಿ.

ಮುಂದಿನ ಸಾಲಿನವರೇ, ಎಲ್ಲ ಮೊದಲಿನ ಹಾಗೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಚೀಲ ಸೋರುತ್ತದೆ. ಕಲೆ ಉಳಿಯುತ್ತದೆ. ಆದರೂ ಆಪರೇಷನ್ ಮಾಡಿಸಿಕೊಳ್ಳಿ. ಬದುಕಿ, ಮನೆಗೆ ಬನ್ನಿ. ಗಾಳಿಯ ನೆವ ಮಾತ್ರ ಹೇಳಬೇಡಿ.

ನನ್ನನ್ನು ಹೊಲಿದ ಡಾಕ್ಟರಿಗೆ, ಕಲಿಸಿದ ನರ್ಸಮ್ಮನಿಗೆ, ತಾಳ್ಮೆಯಿಂದ ಕೂತ ನಿಮಗೆಲ್ಲ ನಾನು ಋಣಿ. ಕೊನೆಗೆ, ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಳ್ಳುತ್ತಿರುವ ನಮ್ಮಾಕೆಗೆ ಒಂದು ಮಾತು. ಏ ಇವಳೇ, ಇವತ್ತು ರಾತ್ರಿ ನಿನ್ನ ಮಗ್ಗುಲಿಗೆ ಸರಿದುಕೋ. ನಾನು ಒಳಗೆ ಬರ್ತೀನಿ.

ಎಲ್ಲರಿಗೂ ನಮಸ್ಕಾರ.