ನನ್ನ ಗಂಡಗ ನಾನ ಅವ್ವ

...ಅಲ್ಲ, ಟಿವ್ಯಾಗ ನನ್ನ ದನಿ ಕೇಳಿ ನೀವು ಅಣಕಸ್ತೀರಲ್ಲ, 'ಒಡಕ ಗಡಗಿ ಬಡದಂಗ ಐತಿ ಅಜ್ಜಿ ದನಿ' ಅಂತ, ಇದು ನಾ ಹುಟ್ಟಿದಾಗಿನ ದನಿ ಅಲ್ರವ್ವಾ. ಧಾರಾವಾಹಿಗೆ ಮೊದಲ ಸಲ ಹೋದಾಗ ಆ ಬೆಂಗಳೂರಿನ ಡೈರೆಕ್ಟರು, 'ಅಮ್ಮಾ, ಈ ವಾಯ್ಸ್ ತುಂಬಾ ಚೆನ್ನಾಗಿದೆ, ಹೇಗೆ ಮಾಡ್ತೀರಿ?' ಅಂತ ಕೇಳಿದ್ರು. ಮಾಡೂದೇನು ಬಂತು! ನಕ್ಕ ಬಿಟ್ನಿ. ಮುದ್ದೇಬಿಹಾಳದಾಗ ಕಳಕೊಂಡು ಬಂದೇನ್ರಿ ಅಂತ ಹೇಳ್ಲಿ ಏನು ಅವರ ಮುಂದ?

ನಾ ಮಸೂತಿ ಅಂಬೂ ಹಳ್ಳಿಯಾಕಿ. ನಮ್ಮಪ್ಪ ಭಜನಿ ಹಾಡ್ತಿದ್ದ, ಅವನ ಹಿಂದ ಕುಂತು ನಾನೂ ಹಾಡ್ತಿದ್ನಿ. ಅಪ್ಪ ಸತ್ತ ಮ್ಯಾಲ ಮನ್ಯಾಗ ಉಣ್ಣೂ ಬಾಯಿ ಭಾಳ ಆದ್ವು, ಅವ್ವ ನನ್ನ ಬಾಗೇವಾಡಿಗೆ ಬಂದಿದ್ದ ನಾಟಕ ಕಂಪನ್ಯಾಗ ಬಿಟ್ಟು ಬಂದ್ಳು. ಮಂದಿ ಏನೇನರ ಅಂದ್ರು, ಅದನ್ನ ಬಿಡ್ರಿ. ಹಾಡಾಕ ಬರತಿತ್ತಲ್ಲ, ಹೀರೋಯಿನ್ ಮಾಡಿದ್ರು. ಹೀರೋ ಪಾರ್ಟು ಮಾಡೂ ಶಿವಪುತ್ರಪ್ಪನ ಕೂಡ ನನ್ನ ಲಗ್ನ ಆತು, ಅವರ ನಿಮ್ಮಜ್ಜ. ಅವರು... ಅವ. ಅವಗ ಏನ ಅವರು ಅಂಬೂದು! ನಿಮ್ಮವ್ವ ಹುಟ್ಟಿದ್ಳು. ಬಣ್ಣ ಹಚ್ಚೂ ಖೋಲ್ಯಾಗ ನಾಟಕದ ಅರಬಿ ಇಡೂ ಟ್ರಂಕಿನ ಮುಚ್ಚಳ ತಗದು ಅದರಾಗ ಮಲಗಸ್ತಿದ್ನಿ ನಿಮ್ಮವ್ವನ್ನ. ಏ ಸವಿತಾ, ಆ ಕೋಳಿ ಓಡಸ, ಕಾಳಿಗೆ ಬಾಯಿ ಹಾಕಾಕತ್ತೈತಿ. ಹಾಂ, ಏನ ಹೇಳಾಕತ್ತಿದ್ನಿ... ಮುದ್ದೇಬಿಹಾಳ ಕ್ಯಾಂಪು, ಅಲ್ಲಿ ಕಂಪನಿ ಡೇರೆ ಹಾಕಿತ್ತು. ಬರ ಬಿದ್ದಿತ್ತು, ಮಂದಿ ನಾಟಕಕ್ಕ ಬರೂದ ಕಡಿಮಿ. ಅದರಾಗ ನನಗ ಜ್ವರ, ಗಂಟಲಾ ಬಾತು ಉಗುಳು ನುಂಗಾಕ ಬರವಲ್ದು. ದವಾಖಾನಿ ಡಾಕ್ಟರು ಬಾಯಿ ತಗಸಿ ನೋಡಿ, 'ತಂಗಿ, ಮಾತ ಆಡಬ್ಯಾಡ, ಹಾಡೂದಂತೂ ಬ್ಯಾಡೇ ಬ್ಯಾಡ' ಅಂದ್ರು. ಕಂಪನಿ ಮಾಲಕರು ಕೇಳಬೇಕಲ್ಲ! 'ಇವತ್ತ ಸಂತಿ ಐತಿ, ಮಂದಿ ಕೂಡ್ತೈತಿ. ಇವತ್ತ ಹಾಡಿಬಿಡು, ನಾಳಿಂದ ಬೇಕಾದಷ್ಟು ಮಲಕೋ' ಅಂದ್ರು. ನಾ ಗಂಡನ ಮಾರಿ ನೋಡಿದ್ನಿ. ಅವ ಮೀಸಿಗೆ ಕಾಡಿಗಿ ತೀಡ್ಕೋತ ಕುಂತಿದ್ದ, ಕನ್ನಡಿ ಮ್ಯಾಲಿನ ಕಣ್ಣ ತಗೀಲಿಲ್ಲ. 'ಹಾಡು, ಏನಾಗ್ತೈತಿ?' ಅಂದ. ಹಾಡಿದ್ನಿ. ಎರಡನೇ ಹಾಡಿನ್ಯಾಗ ಮ್ಯಾಲಿನ ಸ್ವರಕ್ಕ ಹೋದ್ನಿ ನೋಡ್ರಿ, ಅರಬಿ ಹರದಂಗ ದನಿ ಹರದ ಹೋತು. ಬಾಯಾಗ ರಕ್ತದ ರುಚಿ. ಪೇಟಿ ಮಾಸ್ತರು ಹಾರ್ಮೋನಿಯಂ ಬಾರಸ್ಕೋತ ನನ್ನ ಕಡೆ ನೋಡ್ತಾರ, ನಾ ಬಾಯಿ ತಗೀತೇನಿ, ದನಿನ ಇಲ್ಲ. ಮಂದಿ ಶೀಟಿ ಹೊಡದ್ರು. ಆಮ್ಯಾಲ ಜ್ವರ ಇಳೀತು, ದನಿ ಬರಲಿಲ್ಲ. ಬಂತು, ಬಂದ್ರ ಹಿಂಗ ಬಂತು.

ಸಿಂದಗಿ ಕ್ಯಾಂಪಿಗೆ ಹೋಗೂದ್ರಾಗ ಹೊಸಾ ಹೀರೋಯಿನ್ ಬಂದ್ಳು, ಪ್ರೇಮಾ ಅಂತ. ಚಂದ ಹಾಡ್ತಿದ್ಳು, ಸುಳ್ಳ ಯಾಕ ಹೇಳ್ಲಿ. ಮಾಲಕರು ನನ್ನ ಕರದು, 'ನೀ ಅವ್ವನ ಪಾರ್ಟು ಮಾಡು, ಒಲ್ಲೆಂದ್ರ ಊರಿಗೆ ಹೋಗು' ಅಂದ್ರು. ಯಾರ ಅವ್ವ? ಹೀರೋನ ಅವ್ವ! ನನ್ನ ಗಂಡಗ ನಾನ ಅವ್ವ! ನನಗಿಂತ ಎಷ್ಟ ದೊಡ್ಡಾಂವ ಅವ. ನಗಬ್ಯಾಡ್ರಿ. ನಾ ಇನ್ನೂ ಮಗಳಿಗೆ ಮೊಲಿ ಕುಡಸ್ತಿದ್ನಿ. ತಲಿಗೆ ಬಿಳಿ ಪೌಡರ್ ಬಡಕೊಂಡು, ಗಲ್ಲದ ಮ್ಯಾಲ ಗೆರಿ ಕೊರಕೊಂಡು ನಿಂತ್ರ ನಿಮ್ಮವ್ವ ನನ್ನ ಗುರ್ತ ಸಿಗದ ಚೀರಾಕಿ. ಆ ನಾಟಕದ ಕಡೀಕ ಮಗಾ ಲಗ್ನ ಆಗಿ ಸೊಸೀನ ಕರಕೊಂಡು ಬರ್ತಾನ, ಇಬ್ಬರೂ ಕಾಲಿಗೆ ಬೀಳ್ತಾರ, ನಾ ಅಕ್ಕಿಕಾಳು ಹಾಕಿ, 'ನೂರ ವರ್ಷ ಕೂಡಿ ಬಾಳ್ರಿ' ಅನಬೇಕು. ಆಟ ಇದ್ದಾಗೆಲ್ಲಾ ಅಂದ್ನಿ. ಅವನ ಪ್ರೇಮಾನ ನಡುವ ಒಳಗೊಳಗ ಏನೋ ನಡದೈತಿ ಅಂತ ಗೊತ್ತಿತ್ತು, ಗೊತ್ತಿದ್ದೂ ಅಂದ್ನಿ. ಇಂಡಿ ಕ್ಯಾಂಪಿನ್ಯಾಗ ಒಂದಿನ ಮುಂಜಾನಿ ಎದ್ದು ನೋಡ್ತೇನಿ, ಅವನ ಹಾಸಿಗಿ ಖಾಲಿ. ಅಡಗಿ ಮಾಡೂ ಕಲ್ಲವ್ವ ಬಂದು, 'ಅಲ್ಲವ್ವಾ, ನಿನ್ನ ಗಂಡ ಪ್ರೇಮಾನ ಕರಕೊಂಡು ಸೊಲ್ಲಾಪುರ ಬಸ್ ಹತ್ತಿದನಲ್ಲ, ನಿನಗ ಹೇಳಿಲ್ಲೇನ?' ಅಂದ್ಳು.

ಅಳು ಬರಲಿಲ್ಲ ನನಗ. ನಿಮ್ಮವ್ವನ್ನ ಬಗಲಾಗ ಎತ್ಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದ್ನಿ, ಎಲ್ಲೀ ಬಸ್ಸು, ಬರೇ ಧೂಳಿ. ತಿರುಗಿ ಬಂದ್ರ ಮಾಲಕರು ತಲಿ ಮ್ಯಾಲ ಕೈ ಹೊತ್ತು ಕುಂತಾರ. 'ಹೀರೋ ನಾನ ಮಾಡ್ತೇನಿ, ಹೀರೋಯಿನ್‌ಗೆ ಕುಣಿಯೂ ಹುಡುಗೀನ ನಿಲ್ಲಸ್ತೇನಿ. ನೀ ಕೈ ಬಿಡಬ್ಯಾಡವಾ' ಅಂದ್ರು. ನನಗರ ಹೋಗಾಕ ಊರೆಲ್ಲಿತ್ತು? ಬಣ್ಣ ಹಚ್ಕೊಂಡ್ನಿ. ಹಲ್ಲು ಉದರಿದ ಮಾಲಕರು ಕರೀ ಮೀಸಿ ಅಂಟಿಸ್ಕೊಂಡು ನನ್ನ ಕಾಲಿಗೆ ಬಿದ್ರು. ಅಕ್ಕಿಕಾಳು ಮುಟಗ್ಯಾಗ ಐತಿ, 'ಕೂಡಿ ಬಾಳ್ರಿ' ಅಂಬೂ ಮಾತು ಹೊರಗ ಬರವಲ್ದು. ನಿಂತ ಬಿಟ್ಟೇನಿ. ಹೆಣ್ಮಕ್ಕಳ ಕಡಿಂದ ಒಬ್ಬಾಕಿ ಕೂಗಿದ್ಳು, 'ಯಾಕವ್ವಾ, ಮಗಾ ನಿನಗಿಂತ ಮುದುಕ ಆಗ್ಯಾನಂತ ಸಿಟ್ಟೇನ?' ಇಡೀ ಥೇಟರು ಹೋ ಅಂತ ನಕ್ಕಿತು. ಆ ನಗಿ ಒಳಗ ನಾ ಅಂದ್ನಿ, ಕೂಡಿ ಬಾಳ್ರಿ ಅಂತ. ಯಾರಿಗೂ ಕೇಳಸಲಿಲ್ಲ. ಒಳಗ ಬಂದು ಮಾರಿ ತೊಳಕೊಂಡು ಮಗಳಿಗೆ ಮೊಲಿ ಕೊಟ್ನಿ, ಆವಾಗ ಬಂತು ನೋಡ್ರಿ ಅಳು.

ಅವ ಮತ್ತ ಬರಲಿಲ್ಲ. ಇದ್ದಾನೋ ಸತ್ತಾನೋ, ನಾನೂ ಕೇಳಾಕ ಹೋಗಲಿಲ್ಲ. ಕಂಪನಿ ಮುಚ್ಚೂತನಕ ಅವ್ವನ ಪಾರ್ಟು ಮಾಡಿದ್ನಿ, ಆಮ್ಯಾಲ ಟಿವ್ಯಾಗ ಅತ್ತಿ, ಅಜ್ಜಿ. ಅದರ ಮ್ಯಾಲನ ನಿಮ್ಮವ್ವ ಸಾಲಿ ಕಲತ್ಳು. ಹೀರೋಯಿನ್ ಇದ್ದಾಗಿನ ಹಾಡು ಒಂದೊಂದ್ಸಲ ಮನಸಿನ್ಯಾಗ ಏಳ್ತಾವು, ಬಾಯಿಗೆ ಬರೂದಿಲ್ಲ. ಏನ ಮಾಡೂದೈತಿ? ನೀವು ಜಡ್ಡ ಬಂದ್ರ ಮಲಕೋರಿ, ಯಾರ ಏನಂದ್ರೂ ಏಳಬ್ಯಾಡ್ರಿ. ಲಗ್ನ ಮಾಡ್ಕೋರಿ, ಬ್ಯಾಡ ಅನ್ನಾಂಗಿಲ್ಲ, ಆದ್ರ ನಿಮ್ಮ ರೊಟ್ಟಿ ನೀವ ದುಡಕೊಂಡು ತಿನ್ರಿ. ಅಷ್ಟ. ನಡೀರಿ ಒಳಗ, ಪಲ್ಯ ಆರಾಕತ್ತೈತಿ.